ಸೂಸಾಫೋನಿಗೊಂದು ಸಿಂಬಿ

ಮೊನ್ನೆ ರವಿಕೆಯ ಅಳತೆ ಕೊಡಲು ಹೋಗಿದ್ದೆ. ದೋಹಾದ ಪಕ್ಕದ ಅಲ್ ವುಕೈರ್‌ನ ನಮ್ಮ ಕಟ್ಟಡದಲ್ಲೇ ಎರಡು ಮಹಡಿ ಕೆಳಗೆ, ಪುತ್ತೂರಿನ ಶಾರದಕ್ಕ ಮನೆಯಲ್ಲೇ ಹೊಲಿಗೆ ಇಟ್ಟುಕೊಂಡಿದ್ದಾರೆ. ಟೇಪನ್ನು ನನ್ನ ಬೆನ್ನಿಗೆ ಅಡ್ಡ ಹಿಡಿದವರು ಹಿಂದೆ ಸರಿದು ನೋಡಿದರು, ಮತ್ತೊಮ್ಮೆ ಹಿಡಿದರು, ಆಮೇಲೆ ಎಕ್ಸ್‌ರೇ ಓದುವ ಡಾಕ್ಟರರ ಗತ್ತಿನಲ್ಲಿ ಹೇಳಿದರು: “ನಿಮ್ಮ ಎಡದ ಭುಜ ಚೂರು ಕೆಳಗೆ ಉಂಟಲ್ಲಾ ವೀಣಾ. ಎಂತ, ಬ್ಯಾಗ್ ತುಂಬ ಹೊತ್ತದ್ದಾ?”

“ಬ್ಯಾಗಲ್ಲ ಶಾರದಕ್ಕ, ಸೂಸಾಫೋನ್,” ಎಂದೆ.

ಅವರು ಅದೊಂದು ಹೊಸ ಮೊಬೈಲ್ ಇರಬೇಕೆಂದುಕೊಂಡರು. “ಅಷ್ಟು ಭಾರ ಇರ್ತದಾ?” ಎಂದು ಕೇಳಿ, ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, “ಒಂದು ಪ್ಯಾಡ್ ಇಡುವನಾ? ಸಮ ಕಾಣ್ತದೆ,” ಎಂದರು. ಬೇಡ, ಇರುವ ಹಾಗೇ ಹೊಲಿಯಿರಿ ಎಂದೆ. ಮೂರು ಮಕ್ಕಳ ಬ್ಯಾಗು, ನೀರಿನ ಕ್ಯಾನು, ಲುಲು ಸೂಪರ್‌ಮಾರ್ಕೆಟ್ಟಿನಿಂದ ತಂದ ಚೀಲ, ಎಲ್ಲವನ್ನೂ ಇದೇ ಭುಜ ಹೊತ್ತಿದೆ. ಸ್ಕೂಲಿನಲ್ಲಿ ಎರಡು ವರ್ಷ ಹೊತ್ತ ವಾದ್ಯದ ತಲೆಗೇ ಪೂರ್ತಿ ಅಪವಾದ ಕಟ್ಟುವುದು ನ್ಯಾಯವಲ್ಲ. ಆದರೂ ಯಾರಾದರೂ ಕೇಳಿದರೆ ನನ್ನ ಬಾಯಿಗೆ ಮೊದಲು ಬರುವುದು ಅದೇ ಹೆಸರು.

ನೀವು ಮೆರವಣಿಗೆಯ ಬ್ಯಾಂಡಿನಲ್ಲಿ ನೋಡಿರುತ್ತೀರಿ. ಎಲ್ಲರ ಹಿಂದೆ ಒಬ್ಬ ದೊಡ್ಡ ಹಿತ್ತಾಳೆ ಹೆಬ್ಬಾವಿನ ಸುರುಳಿಯೊಳಗೆ ಸಿಕ್ಕಿಕೊಂಡು ನಡೆಯುತ್ತಿರುತ್ತಾನೆ. ತಲೆಯ ಮೇಲೆ ಪರಾತದಷ್ಟು ಅಗಲದ ಬಾಯಿ ತೆರೆದುಕೊಂಡಿರುತ್ತದೆ. ಅದರಿಂದ ಹೊರಡುವುದು ಹಾಡಲ್ಲ, ‘ಭೋಂ, ಭೋಂ’ ಅಷ್ಟೇ. ಮುಂದಿರುವ ಟ್ರಂಪೆಟ್ಟಿನವರು ಹಾಡು ನುಡಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ಭೋಂ ನಿಂತರೆ ಮಾತ್ರ ಅವರೆಲ್ಲರ ಹೆಜ್ಜೆ ತಪ್ಪುತ್ತದೆ. ತೊಂಬತ್ತರ ದಶಕದಲ್ಲಿ, ದೋಹಾದ ಒಂದು ಇಂಡಿಯನ್ ಸ್ಕೂಲಿನ ಹುಡುಗಿಯರ ಬ್ಯಾಂಡಿನಲ್ಲಿ, ಆ ಭೋಂ ನಾನು.

ವೀಣಾ ಎಂದು ಹೆಸರಿಟ್ಟದ್ದು ಮೈಸೂರಿನ ಅಜ್ಜಿ. ಮೊಮ್ಮಗಳು ಚಾಪೆ ಹಾಸಿ ಕೂತು ವೀಣೆ ಮೀಟಲಿ ಎಂಬ ಆಸೆ ಅವರದು. ದೇವರು ಕೊಟ್ಟದ್ದು ಬೇರೆ ಮೈಕಟ್ಟು. ಎಂಟನೇ ಕ್ಲಾಸಿನಲ್ಲೇ ನಾನು ಟೀಚರುಗಳಿಗಿಂತ ಎತ್ತರ, ಅಗಲದಲ್ಲೂ ಅವರಿಗೇನೂ ಕಡಿಮೆಯಿರಲಿಲ್ಲ. ಗ್ರೂಪ್ ಫೋಟೋದಲ್ಲಿ ಯಾವಾಗಲೂ ಹಿಂದಿನ ಸಾಲು, ನಾಟಕದಲ್ಲಿ ಯಾವಾಗಲೂ ಮರ. ಹಾಗಿರುವಾಗ ವರ್ಗೀಸ್ ಸರ್ ಬಂದರು. ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾಗಿ ದೋಹಾಕ್ಕೆ ಬಂದ ಕೊಟ್ಟಾಯಂ ಕಡೆಯ ಮನುಷ್ಯ. ಅಸೆಂಬ್ಲಿಯಲ್ಲಿ ನಿಂತಿದ್ದ ಹುಡುಗಿಯರನ್ನೆಲ್ಲ ತರಕಾರಿ ಆರಿಸುವವರ ಹಾಗೆ ನೋಡುತ್ತ ಬಂದು, ನನ್ನ ಮುಂದೆ ನಿಂತು, “ಶೋಲ್ಡರ್ ಗುಡ್,” ಎಂದರು. ನನ್ನ ಮೈಯನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಆ ಎರಡು ಶಬ್ದಕ್ಕೆ ನಾನು ಆನೆಯನ್ನು ಬೇಕಾದರೂ ಹೊರುತ್ತಿದ್ದೆ.

ಹೊತ್ತದ್ದು ಬಹುಮಟ್ಟಿಗೆ ಆನೆಯನ್ನೇ. ನಮ್ಮ ಮನೆಗೆ ತಿಂಗಳಿಗೊಮ್ಮೆ ಬರುತ್ತಿದ್ದ ಅಕ್ಕಿಯ ಚೀಲಕ್ಕಿಂತ ಒಂದು ಹಿಡಿ ಹೆಚ್ಚೇ ಭಾರ. ಅಕ್ಕಿ ಚೀಲವಾದರೂ ಮೈಗೆ ಒಗ್ಗಿ ಕೂರುತ್ತದೆ. ಇದು ಪೂರ್ತಿ ಎಡ ಭುಜದ ಮೇಲೆ ಕೂತು, ಅಲ್ಲಿಂದ ಬಲ ಸೊಂಟಕ್ಕೆ ಸುತ್ತು ಹೊಡೆದು, ನಡೆಯುವಾಗ ಹೆಜ್ಜೆಗೊಮ್ಮೆ ಕತ್ತಿನ ಬುಡಕ್ಕೆ ಗುದ್ದುತ್ತಿತ್ತು. ಮೊದಲ ವಾರ ಭುಜ ಕೆಂಪಾಯಿತು, ಎರಡನೆಯ ವಾರ ನೀಲಿಯಾಯಿತು. ಸೆಪ್ಟೆಂಬರಿನ ಬಿಸಿಲಿನಲ್ಲಿ ಹಿತ್ತಾಳೆ ಕಾದು ಕಾವಲಿಯಾಗುತ್ತಿತ್ತು. ಜನವರಿಯ ಬೆಳಿಗ್ಗೆ ಅದೇ ಹಿತ್ತಾಳೆ ತುಟಿಗೆ ಐಸಿನಂತೆ ಅಂಟುತ್ತಿತ್ತು.

ಅಮ್ಮ ನೀಲಿ ಭುಜ ನೋಡಿ ಹೌಹಾರಿದಳು. “ಯಾವನೇ ಅವನು, ಮೇಷ್ಟ್ರೋ ಕಟುಕನೋ? ನಾಳೆ ನಿನ್ನ ನೋಡೋಕೆ ಗಂಡಿನ ಕಡೆಯೋರು ಬಂದ್ರೆ ಏನಂತ ಹೇಳ್ಲಿ?” ಎಂದಳು. ನನಗಾಗ ಹದಿನಾಲ್ಕು. ಗಂಡಿನ ಕಡೆಯವರು ಬರಲು ಇನ್ನೂ ಹತ್ತು ವರ್ಷವಿತ್ತು, ಆದರೆ ಅಮ್ಮ ಯಾವುದಕ್ಕೂ ಮುಂಚಿತವಾಗಿಯೇ ಸಿದ್ಧಳಾಗುವವಳು. ಬೈದು ಮುಗಿಸಿ ಒಂದು ಹಳೆಯ ಟರ್ಕಿ ಟವೆಲ್ ಕತ್ತರಿಸಿ, ಮಡಿಸಿ, ಸುತ್ತಿ, ದಪ್ಪ ದಾರದಲ್ಲಿ ಹೊಲಿದು ಕೊಟ್ಟಳು. ನೀರಿನ ಕೊಡ ಹೊರುವವರು ತಲೆಯ ಮೇಲೆ ಇಟ್ಟುಕೊಳ್ಳುತ್ತಾರಲ್ಲ, ಅಂಥದೇ ಸಿಂಬಿ, ಆದರೆ ಭುಜಕ್ಕೆ. ಬ್ಯಾಂಡಿನ ಬಿಳಿ ಯೂನಿಫಾರ್ಮಿನ ಒಳಗೆ ಗುಲಾಬಿ ಬಣ್ಣದ ಮೈಸೂರು ಸಿಂಬಿ. ಮರುವಾರ ಯಾರೂ ಕೇಳದೆಯೇ ಅಮ್ಮ ಇನ್ನೊಂದು ಹೊಲಿದಳು. ಅದು ಸಫಿಯಾಳಿಗೆ.

ಸಫಿಯಾಳ ಬಗ್ಗೆ ಈಗ ಹೇಳಬೇಕು. ನಮ್ಮ ಸ್ಕೂಲಿನಲ್ಲಿದ್ದದ್ದು ಒಂದೇ ಸೂಸಾಫೋನ್. ಒಬ್ಬಳೇ ಹೊತ್ತರೆ ಸತ್ತಾಳು ಎಂದು ಸರ್ ಇಬ್ಬರಿಗೆ ಕಲಿಸಿದರು. ಇನ್ನೊಬ್ಬಳು ನನ್ನದೇ ಕ್ಲಾಸಿನ ಸಫಿಯಾ, ಉಳ್ಳಾಲದ ಕಡೆಯ ಬ್ಯಾರಿಗಳ ಹುಡುಗಿ. ಅವಳ ಅಪ್ಪನಿಗೆ ದೋಹಾದ ಬಿನ್ ಒಮ್ರಾನ್ ಬಡಾವಣೆಯಲ್ಲಿ ಪಾತ್ರೆ ಅಂಗಡಿ. ಅವಳು ಕಡ್ಡಿ. ಸೂಸಾಫೋನ್ ಹಾಕಿಕೊಂಡರೆ ವಾದ್ಯವೇ ಹುಡುಗಿಯನ್ನು ಹೊತ್ತು ನಡೆದ ಹಾಗೆ ಕಾಣುತ್ತಿತ್ತು. ಆದರೆ ಉಸಿರು! ಈ ವಾದ್ಯ ಉಸಿರನ್ನು ಕುಡಿಯುತ್ತದೆ. ನಾನು ನಾಲ್ಕು ಭೋಂಗಳಿಗೊಮ್ಮೆ ಗಾಳಿ ಎಳೆದುಕೊಳ್ಳುತ್ತಿದ್ದೆ, ಎಳೆದಾಗಲೆಲ್ಲ ಕಣ್ಣ ಮುಂದೆ ಹಗಲಲ್ಲೇ ನಕ್ಷತ್ರ. ಸಫಿಯಾ ಒಂದೇ ಉಸಿರಿಗೆ ಇಡೀ ಸಾಲು ಮುಗಿಸುತ್ತಿದ್ದಳು. “ನಿನಗೆ ಭುಜ ಉಂಟು, ನನಗೆ ಪುಪ್ಪುಸ ಉಂಟು,” ಎನ್ನುತ್ತಿದ್ದಳು. “ಇಬ್ಬರನ್ನು ಸೇರಿಸಿ ಹೊಲಿದರೆ ಒಂದು ಒಳ್ಳೆ ಆಳಾಗ್ತದೆ ಮಾರಾಯ್ತಿ.”

ಉಸಿರಿಗಾಗಿ ಸರ್ ಮಾಡಿಸುತ್ತಿದ್ದ ಕಸರತ್ತುಗಳನ್ನು ಬರೆದರೆ ನೀವು ನಂಬಲಿಕ್ಕಿಲ್ಲ. ನೆಲದ ಮೇಲೆ ಮಲಗಿಸಿ ಹೊಟ್ಟೆಯ ಮೇಲೆ ಅಟ್ಲಾಸ್ ಇಟ್ಟು, ಉಸಿರಾಡಿ ಅದನ್ನು ಏರಿಸಿ ಇಳಿಸಬೇಕು. ಗೋಡೆಗೆ ಒಂದು ಹಾಳೆ ಹಿಡಿದು, ಕೈಬಿಟ್ಟು, ಊದಿಯೇ ಅದು ಬೀಳದ ಹಾಗೆ ನೋಡಿಕೊಳ್ಳಬೇಕು. ಎಲ್ಲಕ್ಕಿಂತ ಕಷ್ಟ ನಡಿಗೆಯದು. ಧಡಧಡ ನಡೆದರೆ ಊದುಬಾಯಿ ಹಲ್ಲಿಗೆ ಬಡಿದು ತುಟಿ ಒಡೆಯುತ್ತದೆ. ಹಿಮ್ಮಡಿ ಮೊದಲು ಊರಿ, ಪಾದವನ್ನು ನಿಧಾನ ಉರುಳಿಸಿ ಇಡಬೇಕು. ಅದಕ್ಕಾಗಿ ಕೈಯಲ್ಲಿ ತುಂಬಿದ ನೀರಿನ ಕಪ್ಪು ಕೊಟ್ಟು ಮೈದಾನ ಸುತ್ತಿಸುತ್ತಿದ್ದರು. ಹನಿ ಚೆಲ್ಲಿದರೆ ಇನ್ನೊಂದು ಸುತ್ತು. ಇವತ್ತಿಗೂ ನಾನು ಕಾಫಿ ಲೋಟ ಹಿಡಿದು ಓಡಾಡಿದರೆ ಒಂದು ತೊಟ್ಟೂ ಚೆಲ್ಲುವುದಿಲ್ಲ. ನನ್ನ ಗಂಡ ಇದನ್ನು ನನ್ನ ಸಂಸ್ಕಾರವೆಂದು ತಿಳಿದಿದ್ದಾರೆ.

ನಾವು ಒಂಬತ್ತನೇ ಕ್ಲಾಸಿನಲ್ಲಿದ್ದ ವರ್ಷ ರಂಜಾನ್ ಜನವರಿಯಲ್ಲಿ ಬಂತು. ನಮ್ಮ ಗಣರಾಜ್ಯೋತ್ಸವ ಅದರ ನಟ್ಟನಡುವೆ. ಸ್ಕೂಲಿನ ಸಮಯ ಮೊಟಕಾಗಿತ್ತು, ಹೊರಗೆ ಯಾರೂ ನೀರು ಕುಡಿಯುವ ಹಾಗಿರಲಿಲ್ಲ. ನಮ್ಮಂಥವರು ಪರದೆ ಎಳೆದ ಒಂದು ಕೋಣೆಯೊಳಗೆ ಹೋಗಿ ಡಬ್ಬಿ ಬಿಚ್ಚುತ್ತಿದ್ದೆವು. ಸರ್ ನೀರಿನ ಕಪ್ಪು ಬಿಟ್ಟು ಮರಳು ತುಂಬಿದ ಕಪ್ಪು ಕೊಡತೊಡಗಿದರು. ಮರಳಿಗೇನು ಬರ, ಬೇಲಿ ದಾಟಿದರೆ ಸಾಕು. ಸಫಿಯಾ ಎಲ್ಲ ಉಪವಾಸಗಳನ್ನೂ ಹಿಡಿಯುತ್ತಿದ್ದಳು. ಊದಿದರೆ ಉಪವಾಸ ಮುರಿಯುತ್ತದೆಯೇ ಎಂದು ನಾನೊಮ್ಮೆ ಕೇಳಿದ್ದೆ. “ಅಪ್ಪನ ಹತ್ರ ಕೇಳಿದೆ. ಒಳಗೆ ಏನೂ ಹೋಗ್ಲಿಕ್ಕಿಲ್ಲ ಅಷ್ಟೆ, ಹೊರಗೆ ಎಷ್ಟು ಬೇಕಾದ್ರೂ ಊದು ಅಂತ ಹೇಳಿದ್ರು,” ಎಂದಳು.

ಜನವರಿ ಇಪ್ಪತ್ತಾರರಂದು ಸೂಸಾಫೋನ್ ಹೊತ್ತು ಮೈದಾನವನ್ನು ಪೂರ್ತಿ ಒಂದು ಸುತ್ತು ಬರಬೇಕು, ನಡುವೆ ಇನ್ನೊಬ್ಬಳಿಗೆ ದಾಟಿಸುವ ಹಾಗಿಲ್ಲ. ಯಾರು ಬರುತ್ತಾರೋ ವರ್ಷವಿಡೀ ವಾದ್ಯ ಅವರದು. ಇದು ಸರ್ ಮೊದಲೇ ಹೇಳಿದ್ದ ಕರಾರು. ನಮಗಿಬ್ಬರಿಗೂ ಅದು ಬೇಕಿತ್ತು. ನನಗೆ ಬೇಕಿದ್ದುದು ನನ್ನ ಗಾತ್ರಕ್ಕೊಂದು ಮರ್ಯಾದೆ. ಸಫಿಯಾಳಿಗೆ ಏನು ಬೇಕಿತ್ತು ಎಂಬುದು ನನಗೆ ತಿಳಿದದ್ದು, ಒಂದು ವಾರ ಮುಂಚೆ ಸರ್ ಹೀಗೆಂದಾಗ: “ಫಾಸ್ಟಿಂಗ್ ಗರ್ಲ್ ಕೆನಾಟ್ ಕ್ಯಾರಿ. ವೀಣಾ ವಿಲ್ ಕ್ಯಾರಿ. ಖಲಾಸ್.”

ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹುಡುಗಿ ಬಿದ್ದುಗಿದ್ದರೆ ಎಂಬ ಕಾಳಜಿ. ಆದರೆ ಸಫಿಯಾಳ ಮುಖ ಸಣ್ಣದಾಯಿತು. ವಾದ್ಯದ ಕೋಣೆಗೆ ಬಂದ ಮೇಲೆ ನನ್ನ ಕೈಹಿಡಿದು ನಿಲ್ಲಿಸಿದಳು. “ನೀನು ನನಗಿಂತ ಒಳ್ಳೆದು ಊದ್ತಿ ಅಂತ ಕೊಟ್ಟರೆ ನಾನು ಒಂದು ಮಾತು ಹೇಳುದಿಲ್ಲ. ಉಪವಾಸ ಉಂಟು ಅಂತ ತೆಗೆದದ್ದು ಯಾಕೆ? ನಾನು ಬಿದ್ದೆನಾ? ಒಂದು ದಿನ ಆದ್ರೂ ಬಿದ್ದೆನಾ ಹೇಳು.”

ಬಿದ್ದಿರಲಿಲ್ಲ. ಮನೆಗೆ ಹೋಗಿ ಅಮ್ಮನ ಮುಂದೆ ಹೇಳಿಕೊಂಡೆ.

“ಅಷ್ಟೇನಾ?” ಎಂದಳು ಅಮ್ಮ. ಉಪವಾಸದ ವಿಷಯದಲ್ಲಿ ಅಮ್ಮನಿಗೆ ಯಾರೂ ಪಾಠ ಹೇಳುವ ಹಾಗಿರಲಿಲ್ಲ. ಏಕಾದಶಿ, ಸಂಕಷ್ಟಿ, ಶನಿವಾರ, ಯಾವುದನ್ನೂ ಬಿಟ್ಟವಳಲ್ಲ. “ಪಾಪ, ಆ ಮಗುಗೆ ಯಾರೂ ಸರಿಯಾಗಿ ಮಾಡ್ಕೊಡಲ್ವೇನೋ. ಉಪವಾಸ ಅಂದ್ರೆ ಶಕ್ತಿ ಬೇಡ್ವಾ? ನಾಳೆ ನಾನು ಕಟ್ಟಿಕೊಡ್ತೀನಿ, ತಿಂದು ಆನೆ ಥರ ಹೊರ್ತಾಳೆ ನೋಡು.” ಮಾರನೆಯ ದಿನ ನನ್ನ ಚೀಲದಲ್ಲಿ ಒಂದು ದೊಡ್ಡ ಡಬ್ಬಿ: ತುಪ್ಪದ ಒಗ್ಗರಣೆಯ ಅವಲಕ್ಕಿ, ಮೇಲೆ ತೆಂಗಿನಕಾಯಿ ತುರಿ, ಎರಡು ಬಾಳೆಹಣ್ಣು, ಫ್ಲಾಸ್ಕಿನಲ್ಲಿ ಬಾದಾಮಿ ಹಾಲು.

ಸಫಿಯಾ ಮುಚ್ಚಳ ತೆರೆದು, “ಇದು ಎಂತ?” ಎಂದಳು.

“ಉಪವಾಸದ ಡಬ್ಬಿ. ಅಮ್ಮ ನಿನಗೇಂತ ಮಾಡಿದ್ದಾಳೆ.”

ಅವಳು ಒಮ್ಮೆ ಡಬ್ಬಿಯನ್ನೂ ಒಮ್ಮೆ ನನ್ನನ್ನೂ ನೋಡಿದಳು. ಆಮೇಲೆ ಡ್ರಮ್ಮಿನ ಮೇಲೆ ಕೂತು ನಗತೊಡಗಿದಳು. “ಮಾರಾಯ್ತಿ, ಇಷ್ಟು ತಿಂದ ಮೇಲೆ ಉಪವಾಸ ಎಲ್ಲಿ ಉಳೀತು?”

ನಾನು ಗಂಭೀರವಾಗಿ ನಮ್ಮ ಕಡೆಯ ಕಾನೂನು ವಿವರಿಸಿದೆ. ಅನ್ನ ಮುಟ್ಟಬಾರದು. ಅಕ್ಕಿಯಿಂದಲೇ ಆದ ಅವಲಕ್ಕಿ ತಿನ್ನಬಹುದು. ಹಣ್ಣು ಹಾಲಿಗೆ ಲೆಕ್ಕವಿಲ್ಲ. ಉಪ್ಪಿಟ್ಟಿನ ಬಗ್ಗೆ ಮನೆಮನೆಗೂ ಬೇರೆ ಬೇರೆ ಅಭಿಪ್ರಾಯವಿದೆ. ಹೇಳುತ್ತ ಹೋದ ಹಾಗೆ ನನಗೇ ಅನುಮಾನ ಬಂತು. ಸಫಿಯಾ ಕಣ್ಣೊರೆಸಿಕೊಂಡು, “ನಮಗೆ ನೀರು ಸಹ ಇಲ್ಲ. ಆಂಟಿಗೆ ಹೇಳು, ತುಂಬ ಥ್ಯಾಂಕ್ಸ್ ಅಂತ,” ಎಂದು ಡಬ್ಬಿಯನ್ನು ಸಂಜೆಗೆಂದು ಚೀಲಕ್ಕೆ ಹಾಕಿಕೊಂಡಳು.

ಮನೆಯಲ್ಲಿ ಇದನ್ನು ಹೇಳಿದಾಗ ಅಮ್ಮ ಸೌಟು ಹಿಡಿದು ನಿಂತೇಬಿಟ್ಟಳು. “ನೀರೂ ಇಲ್ವಾ? ಇಡೀ ದಿನವಾ? ಆ ಕೊಳವೇನ ಊದಿಕೊಂಡು?” ಅವತ್ತು ರಾತ್ರಿಯ ಸಾರಿಗೆ ಉಪ್ಪು ಬೀಳಲಿಲ್ಲ.

ನಾನೊಂದು ಉಪಾಯ ಮಾಡಿದೆ. ಹದಿನೈದರ ವಯಸ್ಸಿನ ಬುದ್ಧಿಗೆ ಅದು ಬಹಳ ಘನವಾಗಿ ಕಂಡಿತ್ತು. ತಾಲೀಮಿನ ದಿನ ನಾನೂ ಉಪವಾಸ ಹಿಡಿದೆ, ಅವಲಕ್ಕಿ ಇಲ್ಲದ, ನೀರಿಲ್ಲದ ಉಪವಾಸ. ಮಧ್ಯಾಹ್ನ ಸರ್ ಹತ್ತಿರ ಹೋಗಿ, “ಸರ್, ಐ ಆಮ್ ಆಲ್ಸೋ ಫಾಸ್ಟಿಂಗ್,” ಎಂದೆ.

ಅವರು ಕನ್ನಡಕ ಸರಿಮಾಡಿಕೊಂಡರು. “ಯೂ? ವೈ?”

“ಈಗ ಇಬ್ಬರೂ ಒಂದೇ ಸರ್. ಯಾರು ಸುತ್ತು ಮುಗಿಸುತ್ತಾರೋ ನೋಡಿ,” ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಮಿಲಿಟರಿ ಮನುಷ್ಯ, ಸ್ಪರ್ಧೆ ಎಂದರೆ ಇಲ್ಲವೆನ್ನುವವರಲ್ಲ. ಸಫಿಯಾಳ ಕಡೆ ನೋಡಿ, “ಯಲ್ಲಾ, ಸ್ಟಾರ್ಟ್,” ಎಂದರು.

ಮೊದಲು ನನ್ನ ಸರದಿ. ನಾನು ಸಫಿಯಾಳಿಗಾಗಿ ಬೇಕೆಂದೇ ಸೋತೆ ಎಂದು ಬರೆದರೆ ಈ ಪ್ರಬಂಧ ಚೆಂದವಾಗುತ್ತಿತ್ತು, ನಾನೂ ದೊಡ್ಡವಳಾಗುತ್ತಿದ್ದೆ. ನಿಜವೆಂದರೆ ಗೆಲ್ಲಲೇಬೇಕೆಂದು ಹೊರಟಿದ್ದೆ. ಮೊದಲ ತಿರುವಿನಲ್ಲಿ ನಾಲಗೆ ಅಂಗುಳಿಗೆ ಅಂಟಿತು. ತುಟಿ ಒಣಗಿ ಚಕ್ಕಳವಾದ ಮೇಲೆ ಊದುಬಾಯಿಯೊಳಗೆ ಅದು ಅದುರುವುದೇ ಇಲ್ಲ, ಭೋಂ ಎನ್ನುವಲ್ಲಿ ಬರೀ ‘ಫುಸ್’ ಬರುತ್ತದೆ. ಎರಡನೆಯ ತಿರುವಿನಲ್ಲಿ ಮೈದಾನ ನಿಧಾನವಾಗಿ ವಾಲಿತು. ನಾನು ಬೀಳಲಿಲ್ಲ, ಕೂತೆ. ಕೂತವಳಿಗೆ ಸುರುಳಿಯಿಂದ ಹೊರಬರಲಾಗಲಿಲ್ಲ. ಬಾನಿಯೊಳಗೆ ಕೂರಿಸಿದ ಮಗುವಿನ ಹಾಗೆ ಕಾಲು ಚಾಚಿ ಕೂತಿದ್ದ ನನ್ನ ತಲೆಯ ಮೇಲಿಂದ ಸರ್ ಮತ್ತು ಇಬ್ಬರು ಕ್ಲಾರಿನೆಟ್ ಹುಡುಗಿಯರು ಸೂಸಾಫೋನನ್ನು ಎತ್ತಿ ತೆಗೆದರು. ನನ್ನನ್ನು ಪರದೆಯ ಕೋಣೆಗೆ ಕರೆದುಕೊಂಡು ಹೋಗಿ ನೀರು ಕುಡಿಸಿದರು. ಕಿಟಕಿಯಿಂದ ನೋಡುತ್ತಿದ್ದೆ. ಸಫಿಯಾ ತನ್ನ ಗುಲಾಬಿ ಸಿಂಬಿಯನ್ನು ಭುಜದ ಮೇಲೆ ಸರಿಮಾಡಿಕೊಂಡು ಹೊರಟಳು. ನಾಲ್ಕು ತಿರುವನ್ನೂ ದಾಟಿ ಬಂದಳು. ನನಗೆ ಹೊಟ್ಟೆಕಿಚ್ಚಾಯಿತು, ಹೆಮ್ಮೆಯೂ ಆಯಿತು. ಸರ್ ನನ್ನ ಕೈಗೆ ತಾಳ ಕೊಟ್ಟು ಅವಳ ಹಿಂದಿನ ಸಾಲಿಗೆ ಹಾಕಿದರು.

ಇಪ್ಪತ್ತಾರರ ಬೆಳಿಗ್ಗೆ ಶಮಾಲ್ ಬೀಸಿತು. ಚಳಿಗಾಲದ ಆ ಉತ್ತರದ ಗಾಳಿಯ ಪರಿಚಯ ಇಲ್ಲಿದ್ದವರಿಗೆಲ್ಲ ಇದೆ. ಧ್ವಜ ಬಿಚ್ಚಿಕೊಂಡ ಕ್ಷಣದಿಂದ ಪಟಪಟ ಹೊಡೆದುಕೊಳ್ಳುತ್ತಲೇ ಇತ್ತು. ಪಾಲಕರ ಸಾಲಿನಲ್ಲಿ ಅಮ್ಮ ಸೆರಗನ್ನು ತಲೆಗೆ ಸುತ್ತಿ ಕೂತಿದ್ದಳು. ಪಕ್ಕದಲ್ಲಿ ಸಫಿಯಾಳ ಉಮ್ಮ, ಅದರಾಚೆ ಅಂಗಡಿ ಮುಚ್ಚಿ ಬಂದಿದ್ದ ಅವಳ ಅಪ್ಪ. ಬ್ಯಾಂಡ್ ಹೊರಟಿತು.

ಮೊದಲೆರಡು ಬದಿ ಚೆನ್ನಾಗಿಯೇ ಸಾಗಿತು. ಮೂರನೆಯ ಬದಿಗೆ ತಿರುಗಿದಾಗ ಗಾಳಿ ಎಡದಿಂದ ಸೀದಾ ಸೂಸಾಫೋನಿನ ಬಾಯಿಗೆ ನುಗ್ಗಿತು. ಅಷ್ಟಗಲದ ಹಿತ್ತಾಳೆ ಗಾಳಿಗೆ ಸಿಕ್ಕಿದರೆ ಹಾಯಿಯ ಹಾಗೆ ಎಳೆಯುತ್ತದೆ. ಸಫಿಯಾ ಒಂದು ಹೆಜ್ಜೆ ಬಲಕ್ಕೆ ತೂರಾಡಿದಳು, ಸರಿಯಾದಳು, ಮತ್ತೆ ತೂರಾಡಿದಳು. ಬಿದ್ದರೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು, ಉಪವಾಸದ ಹುಡುಗಿಗೆ ಯಾಕೆ ಕೊಟ್ಟಿರಿ ಎಂದು.

ನಾನು ಸಾಲು ಬಿಟ್ಟು ಮುಂದೆ ಹೋದೆ. ತಾಳ ಒಂದು ಕೈಗೆ ಸೇರಿಸಿಕೊಂಡು ಸುರುಳಿಗೆ ಇನ್ನೊಂದು ಕೈ ಕೊಡಲು ಹೋದಾಗ ಅವಳು ಓರೆಗಣ್ಣಿನಿಂದ ನೋಡಿದಳು. ಊದುಬಾಯಿಯಿಂದ ತುಟಿ ತೆಗೆಯದೆ ಮೊಣಕೈಯಲ್ಲಿ ನನ್ನ ಕೈಯನ್ನು ತಳ್ಳಿದಳು. ಹೊರಬೇಡ ಎಂದು. ಅರ್ಥವಾಯಿತು. ಹೊತ್ತರೆ ಸರ್ ಹೇಳಿದ್ದೇ ನಿಜವಾಗುತ್ತದೆ.

ಹಾಗಾಗಿ ನಾನು ಅವಳ ಬಲಕ್ಕೆ ಬಂದು, ಹೆಜ್ಜೆ ಸೇರಿಸಿ, ಪಕ್ಕದಲ್ಲೇ ನಡೆದೆ. ಭಾರ ಮುಟ್ಟಲಿಲ್ಲ. ಗಾಳಿ ತಳ್ಳಿದಾಗ ಅವಳು ಬಂದು ನನ್ನ ಎಡ ಭುಜಕ್ಕೆ ಬಡಿದು, ನೆಟ್ಟಗಾಗಿ, ಮುಂದೆ ನಡೆಯುತ್ತಿದ್ದಳು. ಮತ್ತೆ ಬಡಿಯುತ್ತಿದ್ದಳು, ಮತ್ತೆ ನೆಟ್ಟಗಾಗುತ್ತಿದ್ದಳು. ನಾಟಕದಲ್ಲಿ ಅಷ್ಟು ವರ್ಷ ಮರವಾಗಿ ನಿಂತದ್ದು ಕೊನೆಗೂ ಉಪಯೋಗಕ್ಕೆ ಬಂತು. ನಡುನಡುವೆ ತಾಳ ಹೊಡೆಯುವುದನ್ನೂ ಮರೆಯಲಿಲ್ಲ. ಭೋಂ ಒಂದು ಸಲವೂ ತಪ್ಪಲಿಲ್ಲ.

ಸುತ್ತು ಮುಗಿದ ಮೇಲೆ ಸರ್ ನೇರ ನನ್ನ ಹತ್ತಿರ ಬಂದರು. “ವೈ ಯು ಲೆಫ್ಟ್ ಯುವರ್ ಲೈನ್?”

“ವಿಂಡ್, ಸರ್.”

ಅವರು ಸಫಿಯಾಳ ಕಡೆ ತಿರುಗಿದರು. ಅವಳ ತುಟಿಯ ಸುತ್ತ ಕೆಂಪು ಬಳೆ ಮೂಡಿತ್ತು. “ಶೀ ಕ್ಯಾರೀಡ್?” ಎಂದು ಕೇಳಿದ್ದು ನನ್ನನ್ನು.

“ಪೂರ್ತಿ ಅವಳೇ ಸರ್.”

ಸರ್ ತಮ್ಮ ಜೇಬಿನಿಂದ ಸೂಸಾಫೋನಿನ ಕೋಣೆಯ ಬೀಗದ ಕೈ ತೆಗೆದು ಸಫಿಯಾಳಿಗೆ ಕೊಟ್ಟರು. ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದು, ನನ್ನ ಕಿವಿಯಲ್ಲಿ, “ಬುಧವಾರ ನೀನು ಊದು, ನನ್ನ ಭುಜ ಸಾಯ್ತಾ ಉಂಟು,” ಎಂದಳು.

ಅಷ್ಟರಲ್ಲಿ ಅಮ್ಮ ಕುರ್ಚಿಗಳನ್ನು ದಾಟಿಕೊಂಡು ಬಂದಳು. ಕೈ ಚೀಲದಿಂದ ನೀರಿನ ಬಾಟಲಿ ಅರ್ಧ ಹೊರಗೆ ಬಂದಿತ್ತು. ಓಡಿ ಬಂದ ಮಕ್ಕಳಿಗೆ ನೀರು ಕೊಡುವುದು ಅವಳ ಕೈಯ ಅಭ್ಯಾಸ. ಸಫಿಯಾಳ ತುಟಿ ನೋಡಿದವಳು ಬಾಟಲಿಯನ್ನು ಹಾಗೆಯೇ ಚೀಲದೊಳಗೆ ಇಳಿಸಿ, ಅವಳ ಕೆನ್ನೆ ಸವರಿ, “ಸಂಜೆ ಎಷ್ಟು ಹೊತ್ತಿಗಮ್ಮಾ?” ಎಂದು ಮಾತ್ರ ಕೇಳಿದಳು.

ಸಂಜೆ ಬಿನ್ ಒಮ್ರಾನ್‌ನ ಅವರ ಮನೆಗೆ ನಮ್ಮನ್ನು ಕರೆದಿದ್ದರು. ಅಮ್ಮ ಮಧ್ಯಾಹ್ನವೇ ಅವಲಕ್ಕಿ ಕಟ್ಟಿಕೊಂಡು ಹೊರಟಳು, “ಸೂರ್ಯ ಮುಳುಗಿದ್ಮೇಲೆ ತಿನ್ನಬಹುದಲ್ಲ, ಈಗ ಕಾನೂನು ಗೊತ್ತಾಯ್ತು,” ಎನ್ನುತ್ತ. ಅವಳ ಚೀಲ ಹೊತ್ತವಳು ನಾನು. ಬಾಟಲಿ ಬೆಳಿಗ್ಗೆ ತುಂಬಿದ ಹಾಗೇ ತುಂಬಿತ್ತು. ಸಫಿಯಾಳ ಉಮ್ಮ, “ನೀವು ಕುಡೀರಿ, ನಿಮಗೆ ಎಂತ?” ಎಂದು ಅಡುಗೆಮನೆಯಲ್ಲಿ ಲೋಟ ಮುಂದಿಟ್ಟಾಗಲೂ ಅಮ್ಮ ಆಮೇಲೆ, ಆಮೇಲೆ ಎಂದು ಈರುಳ್ಳಿ ಹೆಚ್ಚುತ್ತ ಕೂತಳು.

ಮಸೀದಿಯಿಂದ ಬಾಂಗ್ ಕೇಳಿಸಿತು. ಹಾಸಿದ ಚಾಪೆಯ ಮೇಲೆ ಖರ್ಜೂರ, ಹಣ್ಣು, ಸಮೋಸ, ನಡುವೆ ನಮ್ಮ ಅವಲಕ್ಕಿ. ಉಮ್ಮ ಮೊದಲ ಲೋಟ ನೀರನ್ನು ಸಫಿಯಾಳ ಕೈಗೆ ಕೊಟ್ಟರು. ಅವಳು ಕುಡಿಯಲಿಲ್ಲ. ಎದ್ದು ಬಂದು ಅಮ್ಮನ ಮುಂದೆ ಹಿಡಿದಳು.

“ಆಂಟಿ, ಮೊದಲು ನೀವು. ಬೆಳಿಗ್ಗೆಯಿಂದ ನಿಮಗೂ ಇಲ್ಲ ಅಲ್ವಾ, ತುಟಿ ನೋಡಿದ್ರೆ ನನಗೆ ಗೊತ್ತಾಗ್ತದೆ.”

“ಅಯ್ಯೋ, ನಂದೇನೇ, ಓಡಾಟದಲ್ಲಿ ಮರ್ತೇ ಹೋಗಿತ್ತು,” ಎಂದು ಶುದ್ಧ ಸುಳ್ಳು ಹೇಳಿ, ಅಮ್ಮ ಲೋಟವನ್ನು ಎರಡು ಕೈಯಲ್ಲೂ ಹಿಡಿದು ಒಂದೇ ಉಸಿರಿಗೆ ಕುಡಿದು ಮುಗಿಸಿದಳು. ವರ್ಗೀಸ್ ಸರ್ ನೋಡಿದ್ದರೆ, ಆ ಉಸಿರಿಗೆ ಸೂಸಾಫೋನನ್ನು ಅವಳಿಗೇ ಕೊಟ್ಟುಬಿಡುತ್ತಿದ್ದರು.